ಸಾವಿನ ಮನೆಗೆ ತಡವಾಗಿ ಮುಟ್ಟಿದ ಹಾಡು

1993ರ ಮಾರ್ಚ್ 20, ಶನಿವಾರ. ಮರುದಿನ ಇಂಗ್ಲೆಂಡಿನಲ್ಲಿ ಅಮ್ಮಂದಿರ ದಿನ. ಲಿವರ್‌ಪೂಲ್ ಮತ್ತು ಮ್ಯಾಂಚೆಸ್ಟರ್ ನಡುವೆ ಇರುವ ವಾರಿಂಗ್ಟನ್ ಎಂಬ ಊರಿನ ಬ್ರಿಜ್ ಸ್ಟ್ರೀಟ್ ಜನರಿಂದ ತುಂಬಿತ್ತು. ಮಕ್ಕಳು ಅಮ್ಮನಿಗೆ ಕೊಡಲು ಕಾರ್ಡು, ಹೂವು ಕೊಳ್ಳುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಬೀದಿಯ ಕಸದ ತೊಟ್ಟಿಗಳಲ್ಲಿ ಇಟ್ಟಿದ್ದ ಎರಡು ಬಾಂಬುಗಳು ಒಂದರ ಬೆನ್ನಿಗೆ ಒಂದು ಸಿಡಿದವು. ಮೂರು ವರ್ಷದ ಜೊನಾಥನ್ ಬಾಲ್ ಅಲ್ಲಿಯೇ ಸತ್ತ. ಹನ್ನೆರಡು ವರ್ಷದ ಟಿಮ್ ಪ್ಯಾರಿ ಐದು ದಿನ ಆಸ್ಪತ್ರೆಯಲ್ಲಿದ್ದು ಮಾರ್ಚ್ 25ರಂದು ತೀರಿಕೊಂಡ. ಐವತ್ತಕ್ಕೂ ಹೆಚ್ಚು ಜನ ಗಾಯಗೊಂಡರು. ಬಾಂಬು ಇಟ್ಟದ್ದು ಐರಿಶ್ ರಿಪಬ್ಲಿಕನ್ ಆರ್ಮಿ, ಅಂದರೆ ಐಆರ್‌ಎ.

ಆ ದಿನಗಳಲ್ಲಿ ಐರ್ಲೆಂಡಿನ ಲಿಮೆರಿಕ್ ಎಂಬ ಊರಿನ ಒಂದು ಹೊಸ ಬ್ಯಾಂಡು ಇಂಗ್ಲೆಂಡಿನಲ್ಲಿ ಊರೂರು ಸುತ್ತಿ ಹಾಡುತ್ತಿತ್ತು. ಹೆಸರು ದಿ ಕ್ರ್ಯಾನ್‌ಬೆರೀಸ್. ಅದರ ಗಾಯಕಿ ಡೊಲೋರೆಸ್ ಓರಿಯರ್ಡನ್‌ಗೆ ಆಗ ಇಪ್ಪತ್ತೊಂದು ವರ್ಷ. ಸುದ್ದಿ ಕೇಳಿದ ಆಕೆ ಪ್ರವಾಸದ ಬಿಡುವಿನಲ್ಲಿ ಲಿಮೆರಿಕ್‌ನ ತನ್ನ ಮನೆಗೆ ಬಂದಾಗ, ಅಕೂಸ್ಟಿಕ್ ಗಿಟಾರು ಹಿಡಿದು ಒಬ್ಬಳೇ ಕೂತು ಒಂದು ಹಾಡು ಬರೆದಳು. ಆ ಹಾಡು ‘ಜಾಂಬಿ’.

ನಾನು ಅದನ್ನು ಮೊದಲು ಕೇಳಿದ್ದು ಸುಮಾರು ಇಪ್ಪತ್ತು ವರ್ಷಗಳ ನಂತರ, ಧಾರವಾಡದಲ್ಲಿ ಡಿಗ್ರಿ ಓದುವಾಗ. ನಮ್ಮ ಹಾಸ್ಟೆಲ್ಲಿನಲ್ಲಿ ಶಿವಮೊಗ್ಗ ಕಡೆಯ ಗೆಳತಿಯೊಬ್ಬಳು ಗಿಟಾರು ಕಲಿಯುತ್ತಿದ್ದಳು. “ಇ-ಮೈನರ್, ಸಿ, ಜಿ, ಡಿ. ನಾಲ್ಕೇ ಕಾರ್ಡ್ ಕಣೇ, ಇಡೀ ಹಾಡು ಮುಗೀತು” ಎಂದು ದಿನಾ ಸಂಜೆ ಅದನ್ನೇ ಬಾರಿಸುತ್ತಿದ್ದಳು. ಕಾಲೇಜು ಫೆಸ್ಟುಗಳಲ್ಲಿ ಹಾಡುವ ಬ್ಯಾಂಡುಗಳಿಗೂ ಇದು ಮನೆಪಾಠದ ಹಾಡು. ಹೆಸರು ನೋಡಿ ನಾನು ಇದು ದೆವ್ವದ ಸಿನಿಮಾದ್ದೇ ಇರಬೇಕು ಅಂದುಕೊಂಡಿದ್ದೆ. ವೇದಿಕೆಯ ಮುಂದೆ ಕುಣಿಯುತ್ತಿದ್ದ ನೂರಾರು ಜನರಲ್ಲಿ ಇದು ಸತ್ತ ಇಬ್ಬರು ಹುಡುಗರ ಹಾಡು ಎಂದು ಎಷ್ಟು ಮಂದಿಗೆ ಗೊತ್ತಿತ್ತೋ. ಗೊತ್ತಿಲ್ಲದೆಯೂ ಕೋರಸ್ಸಿನಲ್ಲಿ ಆ ದನಿ ಒಡೆದು ಮೇಲಕ್ಕೇರುವ ಜಾಗ ಬಂದಾಗ ನನ್ನ ಮೈ ಜುಮ್ಮೆನ್ನುತ್ತಿತ್ತು. ಎಲ್ಲಿಯೋ ಕೇಳಿದ ದನಿ ಅನ್ನಿಸುತ್ತಿತ್ತು. ಎಲ್ಲಿ ಎಂಬುದು ಆಮೇಲೆ ಹೊಳೆಯಿತು. ಅದಕ್ಕೆ ಮೊದಲು ಆಕೆಯ ಊರಿಗೆ ಹೋಗಿ ಬರಬೇಕು.

ಡೊಲೋರೆಸ್ ಹುಟ್ಟಿದ್ದು 1971ರ ಸೆಪ್ಟೆಂಬರ್ 6ರಂದು, ಲಿಮೆರಿಕ್ ಕೌಂಟಿಯ ಬ್ಯಾಲಿಬ್ರಿಕನ್ ಎಂಬ ಹಳ್ಳಿಯಲ್ಲಿ. ತಾಯಿ ಹೆತ್ತ ಒಂಬತ್ತು ಮಕ್ಕಳಲ್ಲಿ ಬದುಕಿದ್ದು ಏಳು. ಆಕೆಯೇ ಕೊನೆಯವಳು. ಅಪ್ಪ ಹೊಲದ ಕೂಲಿ. ಆಕೆ ಹುಟ್ಟುವ ಮೊದಲೇ, 1968ರಲ್ಲಿ, ಮೋಟಾರ್ ಸೈಕಲ್ ಅಪಘಾತದಲ್ಲಿ ಮೆದುಳಿಗೆ ಪೆಟ್ಟುಬಿದ್ದು ದುಡಿಯಲಾರದೆ ಮನೆಯಲ್ಲಿ ಉಳಿದವರು. ಅಮ್ಮ ಶಾಲೆಯೊಂದರ ಅಡುಗೆ ವ್ಯವಸ್ಥೆಯ ಕೆಲಸ ಮಾಡಿ ಸಂಸಾರ ಸಾಗಿಸಿದರು. ಕಟ್ಟಾ ಕ್ಯಾಥಲಿಕ್ ಮನೆ. ಹುಡುಗಿ ಚರ್ಚಿನಲ್ಲಿ ಹಾಡಿದಳು, ಆರ್ಗನ್ ನುಡಿಸಿದಳು, ಶಾಲೆಯಲ್ಲಿ ಐರಿಶ್ ಭಾಷೆಯ ಹಾಡುಗಳನ್ನು ಕಲಿತಳು. ಅಪ್ಪ ಯೋಡೆಲ್ ಮಾಡುತ್ತಿದ್ದರಂತೆ. ಆಲ್ಪ್ಸ್ ಪರ್ವತದ ದನಗಾಹಿಗಳ ಹಾಗೆ ದನಿಯನ್ನು ಎದೆಯಿಂದ ತಲೆಗೆ ಥಟ್ಟನೆ ಹಾರಿಸುವ ಆಟ ಅದು. ತನ್ನ ಗಂಟಲಿಗೆ ಆ ಒಡಕು ಬಂದದ್ದು ಅಪ್ಪನಿಂದ ಎಂದು ಆಕೆಯೇ ಹೇಳಿಕೊಂಡಿದ್ದಾಳೆ.

1990ರಲ್ಲಿ ಲಿಮೆರಿಕ್‌ನ ಮೂವರು ಹುಡುಗರು ಗಾಯಕರಿಲ್ಲದೆ ಕೂತಿದ್ದರು. ಗಿಟಾರಿನ ನೋಯೆಲ್ ಹೋಗನ್, ಬೇಸಿನ ಮೈಕ್ ಹೋಗನ್ ಅಣ್ಣತಮ್ಮಂದಿರು, ಡ್ರಮ್ಮಿಗೆ ಫರ್ಗಲ್ ಲಾಲರ್. ಕ್ರ್ಯಾನ್‌ಬೆರಿ ಸಾಸ್ ಎಂಬುದನ್ನು ಒಡೆದು ‘ದಿ ಕ್ರ್ಯಾನ್‌ಬೆರಿ ಸಾ ಅಸ್’ ಎಂದು ತಮಾಷೆಯ ಹೆಸರಿಟ್ಟುಕೊಂಡಿದ್ದರು. ಹದಿನೆಂಟರ ಡೊಲೋರೆಸ್ ಕೀಬೋರ್ಡು ಕಂಕುಳಲ್ಲಿ ಇಟ್ಟುಕೊಂಡು ಅವರ ಮುಂದೆ ಬಂದು ಹಾಡಿದಳು. ನೋಯೆಲ್ ತನ್ನ ಕೆಲವು ಕಾರ್ಡುಗಳನ್ನು ಕ್ಯಾಸೆಟ್ಟಿಗೆ ಹಾಕಿ ಕೈಗೆ ಕೊಟ್ಟ. ಒಂದು ವಾರದಲ್ಲಿ ಆಕೆ ಅದಕ್ಕೆ ಮಾತು, ರಾಗ ಕೂಡಿಸಿಕೊಂಡು ವಾಪಸು ಬಂದಳು. ‘ಲಿಂಗರ್’ ಹುಟ್ಟಿದ್ದು ಹಾಗೆ. ನಾಚಿಕೆ ಎಷ್ಟಿತ್ತೆಂದರೆ ಮೊದಲ ಕಾರ್ಯಕ್ರಮಗಳಲ್ಲಿ ಪ್ರೇಕ್ಷಕರಿಗೆ ಬೆನ್ನು ತಿರುಗಿಸಿ ನಿಂತು ಹಾಡುತ್ತಿದ್ದಳು.

1993ರ ಮಾರ್ಚಿನಲ್ಲಿ ಬಂದ ಮೊದಲ ಆಲ್ಬಮ್ಮನ್ನು ಆರಂಭದಲ್ಲಿ ಹೆಚ್ಚು ಜನ ಕೇಳಲಿಲ್ಲ. ಆ ವರ್ಷ ಅಮೆರಿಕಕ್ಕೆ ಹೋಗಿ ಸ್ವೇಡ್ ಎಂಬ ಇಂಗ್ಲಿಷ್ ಬ್ಯಾಂಡಿನ ಕಾರ್ಯಕ್ರಮಗಳಿಗೆ ಮುನ್ನ ಹಾಡುತ್ತಿದ್ದಾಗ ಎಂಟಿವಿ ‘ಲಿಂಗರ್’ ಅನ್ನು ಮತ್ತೆ ಮತ್ತೆ ತೋರಿಸಿತು. ಹಾಡು ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 8ನೇ ಸ್ಥಾನಕ್ಕೆ ಏರಿತು. ಅಮೆರಿಕ ಮೆಚ್ಚಿದ ಮೇಲೆ ಬ್ರಿಟನ್ನಿಗೂ ಐರ್ಲೆಂಡಿಗೂ ಕಿವಿ ಬಂತು. 1994ರಲ್ಲಿ ಅದೇ ಹಳೆಯ ಆಲ್ಬಮ್ ಅಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಅದೇ ವರ್ಷ ಹಾಂಗ್‌ಕಾಂಗಿನಲ್ಲಿ ಗಾಯಕಿ ಫೇ ವಾಂಗ್ ಅವರ ‘ಡ್ರೀಮ್ಸ್’ ಹಾಡನ್ನು ಕ್ಯಾಂಟನೀಸ್ ಭಾಷೆಗೆ ತಂದು ಹಾಡಿದಳು. ವಾಂಗ್ ಕಾರ್-ವಾಯ್‌ನ ‘ಚುಂಗ್‌ಕಿಂಗ್ ಎಕ್ಸ್‌ಪ್ರೆಸ್’ ಸಿನಿಮಾ ನೋಡಿದವರಿಗೆ ಅದು ನೆನಪಿರುತ್ತದೆ.

ಈ ಯಶಸ್ಸಿನ ಕತೆಗಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಆಕೆಯ ಉಚ್ಚಾರ. ಲಂಡನ್ನಿಗೋ ನ್ಯೂಯಾರ್ಕಿಗೋ ತಕ್ಕಂತೆ ನಾಲಿಗೆ ತಿದ್ದಿಕೊಂಡು ಹಾಡುವುದು ಆಗ ವಾಡಿಕೆ. ಡೊಲೋರೆಸ್ ಲಿಮೆರಿಕ್ಕಿನ ಹಳ್ಳಿಯ ಉಚ್ಚಾರವನ್ನು ಹಾಗೆಯೇ ಇಟ್ಟುಕೊಂಡಳು. ಸ್ವರಗಳನ್ನು ಎಳೆದಳು, ಪದಗಳನ್ನು ತನ್ನೂರಿನವರ ಹಾಗೆ ಬಗ್ಗಿಸಿದಳು. ಎಂ.ಎ.ಗೆಂದು ಮೈಸೂರಿಗೆ ಹೋದಾಗ ವಿಜಯಪುರ ಜಿಲ್ಲೆಯ ನನ್ನ ಮಾತು ಕೇಳಿ ಸಹಪಾಠಿಗಳು “ನೀವು ಮಾತಾಡ್ತಿದ್ದೀರೋ, ಜಗಳ ಆಡ್ತಿದ್ದೀರೋ?” ಎಂದು ನಗುತ್ತಿದ್ದರು. ಪ್ರೀತಿಯ ನಗುವೇ. ಆದರೂ ಒಂದೆರಡು ತಿಂಗಳಲ್ಲಿ ನನ್ನ ‘ಹೋಗೂದು’ ‘ಹೋಗೋದು’ ಆಗಿತ್ತು. ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು ಡೊಲೋರೆಸಳನ್ನು ಕೇಳುವಾಗ, ಜಗತ್ತಿನ ಮುಂದೆ ನಿಂತೂ ‘ಹೋಗೂದು’ ಎಂದೇ ಹೇಳುತ್ತಿರುವ ಹುಡುಗಿಯೊಬ್ಬಳು ಇದ್ದಾಳೆ ಎಂದು ಸಮಾಧಾನವಾಗುತ್ತಿತ್ತು.

ಆಕೆಯ ದನಿ ಒಡೆಯುವ ರೀತಿಯನ್ನು ಕೇಳಿದ ಅನೇಕರು ಐರ್ಲೆಂಡಿನ ‘ಕೀನಿಂಗ್’ ಅನ್ನು ನೆನೆದಿದ್ದಾರೆ. ಐರಿಶ್ ಭಾಷೆಯಲ್ಲಿ ‘ಕ್ವೀನ’ ಎಂದರೆ ಸತ್ತವರ ಮುಂದೆ ಹೆಂಗಸರು ಹಾಡಿ ಅಳುವುದು. ಸಾವಾದ ಮನೆಗೆ ಅಳುವುದರಲ್ಲಿ ನುರಿತ ಹೆಂಗಸರು ಬರುತ್ತಿದ್ದರು. ಹೆಣದ ಪಕ್ಕ ಕೂತು ಸತ್ತವರ ಹೆಸರು ಹಿಡಿದು ಕರೆದು, ಅವರ ಕುಲ, ಗುಣ, ಬಿಟ್ಟುಹೋದ ಮಕ್ಕಳು ಎಲ್ಲವನ್ನೂ ಸೇರಿಸಿ ಹಾಡು ಕಟ್ಟುತ್ತಿದ್ದರು. ಸಿಟ್ಟೂ ಅದರಲ್ಲಿ ಇರುತ್ತಿತ್ತು. 1773ರಲ್ಲಿ ಕಾರ್ಕ್ ಕೌಂಟಿಯಲ್ಲಿ ಗುಂಡಿಗೆ ಬಲಿಯಾದ ಆರ್ಟ್ ಓಲಿಯರಿ ಎಂಬ ಯೋಧನಿಗಾಗಿ ಅವನ ಹೆಂಡತಿ ಐಲೀನ್ ದೂವ್ ಕಟ್ಟಿದ ಶೋಕಗೀತೆ ಐರಿಶ್ ಸಾಹಿತ್ಯದ ದೊಡ್ಡ ಕೃತಿಗಳಲ್ಲಿ ಒಂದು. ಗಂಡನನ್ನು ಕೊಂದವರಿಗೆ ಅದರಲ್ಲಿ ಶಾಪವೂ ಇದೆ. ಚರ್ಚಿಗೆ ಈ ಅಳು ಸರಿಬರಲಿಲ್ಲ. ಶತಮಾನಗಳ ಕಾಲ ಪಾದ್ರಿಗಳು ಇದನ್ನು ತಡೆದರು. ಇಪ್ಪತ್ತನೇ ಶತಮಾನದ ಹೊತ್ತಿಗೆ ಪದ್ಧತಿ ಬಹುಮಟ್ಟಿಗೆ ನಿಂತುಹೋಯಿತು. ಡೊಲೋರೆಸ್ ಹೆಣದ ಮುಂದೆ ಕೂತು ಹಾಡಲು ಕಲಿತವಳಲ್ಲ, ಚರ್ಚಿನ ಗ್ಯಾಲರಿಯಲ್ಲಿ ನಿಂತು ಹಾಡಿ ಬೆಳೆದವಳು. ಆದರೂ ‘ಜಾಂಬಿ’ಯ ಕೋರಸ್ಸಿನಲ್ಲಿ ಮಾತು ಮುಗಿದು ಬರೀ ದನಿ ಉಳಿಯುವ ಜಾಗದಲ್ಲಿ ಆ ಹಳೆಯ ಹೆಂಗಸರು ನೆನಪಾಗುವುದು ಸಹಜ.

ನನಗೆ ನೆನಪಾದದ್ದು ನಮ್ಮ ಆಯಿ, ಅಂದರೆ ಅಪ್ಪನ ತಾಯಿ. ನಮ್ಮ ಕಡೆ ಹಳ್ಳಿಗಳಲ್ಲಿ ಯಾರಾದರೂ ಸತ್ತರೆ ಹೆಂಗಸರು ಹಾಡಿ ಅಳುತ್ತಾರೆ. ಒಬ್ಬೊಬ್ಬರೂ ತಮ್ಮ ಸಂಬಂಧದ ಹೆಸರಿನಲ್ಲಿ ಕರೆಯುತ್ತಾರೆ: ಎಪ್ಪಾ, ಎವ್ವಾ, ನನ ತಮ್ಮಾ. ಬಿತ್ತಿದ ಹೊಲ, ಕಟ್ಟಿದ ಮನೆ, ಆಡಿದ ಮಾತು, ಉಣ್ಣದೇ ಬಿಟ್ಟ ಊಟ, ಎಲ್ಲ ಅದರಲ್ಲಿ ಬರುತ್ತದೆ. ಪ್ರತಿ ಸಾಲೂ ಮೇಲಕ್ಕೆ ಏರಿ ಕೊನೆಗೆ ಉಸಿರು ಮುರಿದು ಬೀಳುತ್ತದೆ. ಆಯಿ ಇದರಲ್ಲಿ ಹೆಸರಾದವಳು. ಸುತ್ತಲ ನಾಲ್ಕು ಊರಿನ ಸಾವಿಗೆ ಹೋಗುತ್ತಿದ್ದಳು. ನಾನು ಹೈಸ್ಕೂಲಿನಲ್ಲಿ ಇದ್ದಾಗ ಒಮ್ಮೆ ಪಕ್ಕದ ಊರಲ್ಲಿ ಬಾವಿಗೆ ಬಿದ್ದು ಸತ್ತ ಹುಡುಗನ ಮನೆಗೆ ಹೋಗಿ ಬಂದಳು. ಅತ್ತು ಅತ್ತು ದನಿ ಹೋಗಿತ್ತು. “ಆಯಿ, ಅವರು ನಮಗ ಏನ ಆಗಬೇಕು?” ಅಂತ ಕೇಳಿದೆ. “ಏನೂ ಆಗಬೇಕಿಲ್ಲವಾ. ಅಕಿಗೂ ಒಬ್ಬ ಮಗ ಇದ್ದ, ನನಗೂ ಒಬ್ಬ ಇದ್ದ” ಅಂದಳು. ನನಗೊಬ್ಬ ಕಾಕಾ ಇದ್ದ, ಚಿಕ್ಕವನಿದ್ದಾಗಲೇ ಹೋದ ಎಂದು ನನಗೆ ಗೊತ್ತಾದದ್ದು ಅವತ್ತು.

ಇದೇ ಇವತ್ತು ನನ್ನ ಪಿಎಚ್‌ಡಿ ವಿಷಯ. ಅದಕ್ಕೇ ‘ಜಾಂಬಿ’ಗೆ ಎದುರಾದ ಟೀಕೆಗಳನ್ನು ಓದಿದಾಗ ಅವು ನನಗೇ ಕೇಳಿದ ಪ್ರಶ್ನೆಗಳ ಹಾಗೆ ಕಂಡವು.

ಹಾಡು ಹೊರಬಂದದ್ದು 1994ರ ಸೆಪ್ಟೆಂಬರಿನಲ್ಲಿ. ಅದಕ್ಕೆ ಸ್ವಲ್ಪ ಮೊದಲು, ಆಗಸ್ಟ್ 31ರಂದು, ಐಆರ್‌ಎ ಕದನವಿರಾಮ ಘೋಷಿಸಿತ್ತು. ಉತ್ತರ ಐರ್ಲೆಂಡಿನ ಸಂಘರ್ಷ ಸುಮಾರು ಮೂವತ್ತು ವರ್ಷದಲ್ಲಿ ನುಂಗಿದ್ದು ಸುಮಾರು 3,500 ಜೀವ. ಕ್ಯಾಥಲಿಕ್ ರಾಷ್ಟ್ರೀಯವಾದಿಗಳು ಒಂದು ಕಡೆ, ಬ್ರಿಟನ್ನಿಗೆ ನಿಷ್ಠರಾದ ಪ್ರಾಟೆಸ್ಟೆಂಟರು ಇನ್ನೊಂದು ಕಡೆ, ನಡುವೆ ಬ್ರಿಟಿಷ್ ಸೈನ್ಯ. ಡೊಲೋರೆಸಳ ಲಿಮೆರಿಕ್ ಇರುವುದು ದಕ್ಷಿಣದಲ್ಲಿ, ಸ್ವತಂತ್ರ ಐರ್ಲೆಂಡಿನಲ್ಲಿ. ಹಾಗಾಗಿ ಟೀಕಾಕಾರರು ಕೇಳಿದ್ದು: ದಕ್ಷಿಣದ ಹಳ್ಳಿ ಹುಡುಗಿಗೆ ಉತ್ತರದ ಬೀದಿಗಳ ಬಗ್ಗೆ ಏನು ಗೊತ್ತು? 1916ರ ಈಸ್ಟರ್ ದಂಗೆಯನ್ನು ಒಂದು ಸಾಲಿನಲ್ಲಿ ಎಳೆತಂದು ಇಡೀ ಚರಿತ್ರೆಯನ್ನು ತಲೆಕೆಟ್ಟ ಪಿಶಾಚಿಗಳ ಆಟ ಎಂದು ಹೇಳಿಬಿಡಬಹುದೇ? ಐಆರ್‌ಎ ಕೊಂದವರಿಗೆ ಹಾಡು ಕಟ್ಟಿದವಳು ಉಳಿದವರು ಕೊಂದವರ ಬಗ್ಗೆ ಯಾಕೆ ಸುಮ್ಮನಿದ್ದಾಳೆ?

ಕೊನೆಯ ಪ್ರಶ್ನೆ ಹಗುರದ್ದಲ್ಲ. ಟಿಮ್ ಪ್ಯಾರಿ ಆಸ್ಪತ್ರೆಯಲ್ಲಿ ತೀರಿಕೊಂಡ ಮಾರ್ಚ್ 25ರಂದೇ ಉತ್ತರ ಐರ್ಲೆಂಡಿನ ಕ್ಯಾಸಲ್‌ರಾಕ್ ಎಂಬಲ್ಲಿ ಕೆಲಸಕ್ಕೆ ಬಂದಿದ್ದ ನಾಲ್ವರು ಕ್ಯಾಥಲಿಕರನ್ನು ನಿಷ್ಠಾವಾದಿ ಬಂದೂಕುಧಾರಿಗಳು ಗುಂಡಿಟ್ಟು ಕೊಂದರು. ವಾರಿಂಗ್ಟನ್ನಿನ ಹುಡುಗರಿಗಾಗಿ ಡಬ್ಲಿನ್ನಿನಲ್ಲಿ ಸಾವಿರಾರು ಜನ ಬೀದಿಗಿಳಿದರು. ಕ್ಯಾಸಲ್‌ರಾಕಿನ ನಾಲ್ವರ ಬಗ್ಗೆ ಜಗತ್ತು ಹಾಡುವ ಹಾಡು ಯಾವುದೂ ಇಲ್ಲ. ಯಾವ ಸಾವಿಗೆ ಹಾಡು ಸಿಗುತ್ತದೆ, ಯಾವುದಕ್ಕೆ ಸಿಗುವುದಿಲ್ಲ ಎಂಬುದನ್ನು ಹಾಡುವವರೊಬ್ಬರೇ ತೀರ್ಮಾನಿಸುವುದಿಲ್ಲ. ಪತ್ರಿಕೆ, ಟಿವಿ, ಗಡಿ, ಸತ್ತವರ ವಯಸ್ಸು ಎಲ್ಲ ಸೇರಿ ತೀರ್ಮಾನಿಸುತ್ತವೆ. ಡೊಲೋರೆಸ್ ಕೊಟ್ಟ ಉತ್ತರ ಸರಳವಾಗಿತ್ತು: ಸತ್ತದ್ದು ಮಗು, ಅತ್ತದ್ದು ತಾಯಿ, ಐರ್ಲೆಂಡಿನ ಹೆಸರಿನಲ್ಲಿ ಇದನ್ನು ಮಾಡಿದವರು ನನ್ನ ಹೆಸರಿನಲ್ಲಿ ಮಾಡಿಲ್ಲ. ಚರಿತ್ರೆಯ ವಿದ್ಯಾರ್ಥಿಗೆ ಈ ಉತ್ತರ ಸಾಲದು. ಆದರೆ ಹಾಡಿ ಅಳುವವರು ಯಾವ ಕಾಲದಲ್ಲೂ ಇಡೀ ಚರಿತ್ರೆಗೆ ಅತ್ತವರಲ್ಲ. ಮುಂದೆ ಮಲಗಿರುವ ಒಂದು ಹೆಣಕ್ಕೆ ಅಳುತ್ತಾರೆ. ಆಯಿಗೆ ಬಾವಿಗೆ ಬಿದ್ದ ಹುಡುಗ ಯಾವ ಓಣಿಯವನು ಎಂಬುದು ಗೊತ್ತಿತ್ತು. ಕೇಳಿಕೊಂಡು ಹೋದವಳಲ್ಲ.

ವಿಡಿಯೊ ಮಾಡಿದವನು ನಿರ್ವಾಣ ಬ್ಯಾಂಡಿನ ಪ್ರಸಿದ್ಧ ವಿಡಿಯೊ ಮಾಡಿದ್ದ ಸ್ಯಾಮ್ಯುಯೆಲ್ ಬೇಯರ್. ಬೆಲ್‌ಫಾಸ್ಟಿಗೆ ಹೋಗಿ ಗಸ್ತು ತಿರುಗುವ ನಿಜವಾದ ಸೈನಿಕರನ್ನೂ ಬೀದಿಯಲ್ಲಿ ಯುದ್ಧದಾಟ ಆಡುವ ಮಕ್ಕಳನ್ನೂ ಚಿತ್ರಿಸಿಕೊಂಡು ಬಂದ. ಮೈಗೆಲ್ಲ ಚಿನ್ನದ ಬಣ್ಣ ಬಳಿದುಕೊಂಡ ಡೊಲೋರೆಸ್ ಶಿಲುಬೆಯ ಮುಂದೆ ನಿಲ್ಲುತ್ತಾಳೆ, ಸುತ್ತ ಬೆಳ್ಳಿ ಬಣ್ಣದ ಮಕ್ಕಳು. ಬಿಬಿಸಿ ಆ ರೂಪದಲ್ಲಿ ವಿಡಿಯೊ ತೋರಿಸಲು ಒಪ್ಪಲಿಲ್ಲ. ಜರ್ಮನಿ, ಫ್ರಾನ್ಸ್, ಆಸ್ಟ್ರೇಲಿಯಾಗಳಲ್ಲಿ ಹಾಡು ಮೊದಲ ಸ್ಥಾನಕ್ಕೆ ಹೋಯಿತು. ಬಾಂಬು ಸಿಡಿದ ಬ್ರಿಟನ್ನಿನಲ್ಲಿ 14ಕ್ಕೆ ನಿಂತಿತು. ಹಾಡು ಸೇರಿದ್ದ ‘ನೋ ನೀಡ್ ಟು ಆರ್ಗ್ಯೂ’ ಆಲ್ಬಮ್ ಕೋಟಿಗಟ್ಟಲೆ ಮಾರಾಟವಾಯಿತು.

ನಂತರದ ಆಕೆಯ ಬದುಕನ್ನು ಬರೆಯುವಾಗ ಬಹಳ ಮಂದಿ ಒಂದೇ ದಾರಿ ಹಿಡಿಯುತ್ತಾರೆ. ಡೊಲೋರೆಸ್ ಎಂಬ ಹೆಸರಿನ ಅರ್ಥವೇ ಸ್ಪ್ಯಾನಿಷ್ ಭಾಷೆಯಲ್ಲಿ ‘ದುಃಖಗಳು’ ಎಂದು ಶುರುಮಾಡಿ ಎಲ್ಲವನ್ನೂ ಅದರ ಕಡೆಗೇ ತಿರುಗಿಸುತ್ತಾರೆ. ಹಾಗೆ ತಿರುಗಿಸಲು ಬೇಕಾದಷ್ಟು ಸಂಗತಿಗಳು ಸಿಗುತ್ತವೆ ಎಂಬುದು ನಿಜ. 1996ರಲ್ಲಿ ಮೂರನೇ ಆಲ್ಬಮ್ಮಿನ ಪ್ರವಾಸ ನಡುವೆಯೇ ರದ್ದಾಯಿತು. ಬಳಲಿಕೆ, ಖಿನ್ನತೆ, ಊಟ ಸೇರದ ಸ್ಥಿತಿ. 2013ರಲ್ಲಿ ಸಂದರ್ಶನವೊಂದರಲ್ಲಿ ತಾನು ಬಾಲ್ಯದಲ್ಲಿ ವರ್ಷಗಟ್ಟಲೆ ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿದ್ದೆ ಎಂದು ಹೇಳಿದಳು. 2014ರಲ್ಲಿ ಇಪ್ಪತ್ತು ವರ್ಷದ ದಾಂಪತ್ಯ ಮುರಿಯಿತು. ಅದೇ ವರ್ಷ ವಿಮಾನದಲ್ಲಿ ನಡೆದ ಗಲಾಟೆಯೊಂದು ಕೋರ್ಟಿಗೆ ಹೋಯಿತು. ತನಗೆ ಬೈಪೋಲಾರ್ ಕಾಯಿಲೆ ಇದೆ ಎಂದು 2017ರಲ್ಲಿ ಬಹಿರಂಗವಾಗಿ ಹೇಳಿದಳು.

ಇವೆಲ್ಲ ನಡೆದದ್ದೇ. ಆದರೆ ಇವುಗಳ ಜೊತೆಗೆ ಬೇರೆಯವೂ ನಡೆದಿವೆ. ಮೂವರು ಮಕ್ಕಳನ್ನು ಹೆತ್ತು, ಕೆನಡಾದ ಒಂಟಾರಿಯೊದಲ್ಲಿ ಕಾಡಿನ ನಡುವೆ ಮನೆ ಮಾಡಿಕೊಂಡು ಅವರನ್ನು ಬೆಳೆಸಿದಳು. ಬ್ಯಾಂಡಿಗೆ ಬಿಡುವು ಕೊಟ್ಟ ಕಾಲದಲ್ಲಿ, 2007 ಮತ್ತು 2009ರಲ್ಲಿ, ಒಬ್ಬಳೇ ಎರಡು ಆಲ್ಬಮ್ ಮಾಡಿದಳು. ಹಳೆಯ ಗೆಳೆಯರನ್ನು ಮತ್ತೆ ಕೂಡಿಸಿಕೊಂಡು 2012ರಲ್ಲಿ ‘ರೋಸಸ್’ ತಂದಳು. ದಿ ಸ್ಮಿತ್ಸ್ ಬ್ಯಾಂಡಿನ ಆ್ಯಂಡಿ ರೂರ್ಕ್ ಜೊತೆ ಸೇರಿ ‘ಡಾರ್ಕ್’ ಎಂಬ ಹೊಸ ಬ್ಯಾಂಡು ಕಟ್ಟಿದಳು. ಐರ್ಲೆಂಡಿನ ಟಿವಿಯ ಗಾಯನ ಸ್ಪರ್ಧೆಯಲ್ಲಿ ಹೊಸಬರನ್ನು ತರಬೇತುಗೊಳಿಸಿದಳು. 2017ರಲ್ಲಿ ಲಿಮೆರಿಕ್‌ಗೇ ಮರಳಿ ಐರಿಶ್ ಚೇಂಬರ್ ಆರ್ಕೆಸ್ಟ್ರಾ ಜೊತೆ ಹಳೆಯ ಹಾಡುಗಳನ್ನು ಹೊಸದಾಗಿ ಹಾಡಿದಳು. ‘ಜಾಂಬಿ’ಯನ್ನು ಗದ್ದಲದ ಗಿಟಾರುಗಳಿಲ್ಲದೆ ಪಿಟೀಲುಗಳ ನಡುವೆ ಹಾಡಿರುವ ಆ ರೂಪವನ್ನು ಒಮ್ಮೆ ಕೇಳಿ. ಸಿಟ್ಟು ಇಳಿದು ದುಃಖ ಮಾತ್ರ ಉಳಿದಿದೆ. ದುಡಿಯುವ ಹೆಂಗಸಿನ ಬದುಕು ಇದು. ದನಿಯಲ್ಲಿದ್ದ ಒಡಕಿಗೆ ಬದುಕಿನ ಗಾಯವೇ ಕಾರಣ ಎಂದುಬಿಟ್ಟರೆ, ಅಪ್ಪನ ಯೋಡೆಲನ್ನು ಕೇಳಿ ಕೇಳಿ ರೂಢಿಸಿಕೊಂಡ ಹುಡುಗಿಯ ಶ್ರಮ ಕಾಣದೆ ಹೋಗುತ್ತದೆ. ಆಯಿಯ ಬಗ್ಗೆಯೂ ಊರವರು “ಪಾಪ, ಮಗ ಹ್ವಾದಾಗಿಂದ ಅಳೂದ ಆಗೈತಿ” ಅನ್ನುತ್ತಿದ್ದರು. ಆಯಿಗೆ ಎಷ್ಟು ಸಾಲು, ಎಷ್ಟು ರಾಗ ಬಾಯಿಗೆ ಬರುತ್ತಿತ್ತು, ಯಾರ ಸಾವಿಗೆ ಯಾವುದನ್ನು ಎತ್ತಿಕೊಳ್ಳಬೇಕು ಎಂದು ಎಷ್ಟು ಖಚಿತವಾಗಿ ಗೊತ್ತಿತ್ತು ಎಂಬುದನ್ನು ಯಾರೂ ಹೇಳಲಿಲ್ಲ.

2018ರ ಜನವರಿ 15ರಂದು ಲಂಡನ್ನಿನ ಹೋಟೆಲೊಂದರಲ್ಲಿ ಡೊಲೋರೆಸ್ ತೀರಿಕೊಂಡಳು. ನಲವತ್ತಾರು ವರ್ಷ. ಮದ್ಯದ ಅಮಲಿನಲ್ಲಿ ಸ್ನಾನದ ತೊಟ್ಟಿಯಲ್ಲಿ ಮುಳುಗಿ ಆದ ಆಕಸ್ಮಿಕ ಸಾವು ಎಂದು ವಿಚಾರಣೆ ತೀರ್ಮಾನಿಸಿತು. ಆ ದಿನ ಆಕೆ ಅಮೆರಿಕದ ಬ್ಯಾಡ್ ವುಲ್ವ್ಸ್ ಬ್ಯಾಂಡಿನ ಜೊತೆ ‘ಜಾಂಬಿ’ಯನ್ನು ಮತ್ತೊಮ್ಮೆ ಹಾಡಿ ಮುದ್ರಿಸಬೇಕಿತ್ತು. ಅಪ್ಪನ ಗೋರಿಯ ಬಳಿ ಆಕೆಯನ್ನು ಮಣ್ಣು ಮಾಡಿದರು.

ಆ ವಾರವೇ ನಡೆದ ಒಂದು ಘಟನೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ವಾರಿಂಗ್ಟನ್ನಿನಲ್ಲಿ ಸತ್ತ ಟಿಮ್‌ನ ತಂದೆ ಕಾಲಿನ್ ಪ್ಯಾರಿ. ಮಗ ಸತ್ತ ಮೇಲೆ ಆ ಗಂಡ ಹೆಂಡತಿ ದ್ವೇಷದ ಕಡೆ ಹೋಗಲಿಲ್ಲ. ಇಬ್ಬರು ಮಕ್ಕಳ ಹೆಸರಿನಲ್ಲಿ ಶಾಂತಿಗಾಗಿ ಸಂಸ್ಥೆ ಕಟ್ಟಿದರು. ಡೊಲೋರೆಸ್ ಸತ್ತ ಸುದ್ದಿ ಬಂದ ಮರುದಿನಗಳಲ್ಲಿ ಕಾಲಿನ್ ಬಿಬಿಸಿ ರೇಡಿಯೊದೊಂದಿಗೆ ಮಾತಾಡುತ್ತ, ಈ ಹಾಡು ತನ್ನ ಮಗನನ್ನು ಕುರಿತದ್ದು ಎಂಬುದು ತನಗೆ ಗೊತ್ತಾದದ್ದು ನಿನ್ನೆಯಷ್ಟೇ ಎಂದರು. ಹೆಂಡತಿ ಹೇಳಿದ ಮೇಲೆ ಲ್ಯಾಪ್‌ಟಾಪಿನಲ್ಲಿ ಹುಡುಕಿ, ಬ್ಯಾಂಡು ಹಾಡುವುದನ್ನು ನೋಡಿ, ಸಾಲುಗಳನ್ನು ಓದಿದರಂತೆ. ಮಾತುಗಳು ಘನವಾಗಿವೆ, ನಿಜವಾಗಿವೆ ಎಂದು ಮೆಚ್ಚಿದರು.

ಇಪ್ಪತ್ತನಾಲ್ಕು ವರ್ಷ. ಅಷ್ಟು ಕಾಲ ಆ ಹಾಡು ಬರ್ಲಿನ್, ಸಿಡ್ನಿ, ಮನಿಲಾ, ಧಾರವಾಡದ ಹಾಸ್ಟೆಲ್ಲು ಎಲ್ಲ ಸುತ್ತಿತು. ಸಾವಾದ ಮನೆಗೆ ಮಾತ್ರ ಹೋಗಿರಲಿಲ್ಲ. ಹೋದಾಗ ಹಾಡಿದವಳು ಇರಲಿಲ್ಲ. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹಳೆಯ ಶೋಕಗೀತೆಗೆ ಒಂದು ವಿಳಾಸ ಇರುತ್ತಿತ್ತು. ಹೆಣ ಎದುರಿಗಿದೆ, ತಾಯಿ ಪಕ್ಕದಲ್ಲಿ ಕೂತಿದ್ದಾಳೆ, ಹಾಡು ಕೇಳಬೇಕಾದವರಿಗೇ ಕೇಳುತ್ತದೆ. ಧ್ವನಿಮುದ್ರಣ ಆದ ಹಾಡು ಎಲ್ಲರಿಗೂ ಸಿಗುತ್ತದೆ, ಆದರೆ ಇಂಥವರಿಗೆ ಮುಟ್ಟಲೇಬೇಕು ಎಂಬ ನಿಯಮ ಅದಕ್ಕಿಲ್ಲ. ‘ಜಾಂಬಿ’ಯಲ್ಲಿ ಆ ಹುಡುಗರ ಹೆಸರೂ ಇಲ್ಲ, ಊರಿನ ಹೆಸರೂ ಇಲ್ಲ. ಎಲ್ಲಿ ಮಗು ಸತ್ತರೂ ಹೊಂದುವಂತಿರುವುದು ಅದರ ಬಲ, ತಂದೆಗೇ ಗುರುತು ಸಿಗದೆ ಹೋದದ್ದು ಅದಕ್ಕೆ ತೆತ್ತ ಬೆಲೆ.

ಸಂಶೋಧನೆ ಮಾಡುವವರು ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಾರರು. ಹಾಡಿ ಅಳುವುದನ್ನು ದಾಖಲಿಸುವುದು ಕಷ್ಟ. ಸುಮ್ಮನೆ ಹಾಡಿ ತೋರಿಸಿ ಅಂದರೆ ಯಾರೂ ಹಾಡುವುದಿಲ್ಲ. ಸಾವಿಲ್ಲದೆ ಅತ್ತರೆ ಸಾವು ಬರುತ್ತದೆ ಎಂಬ ಹೆದರಿಕೆ. ಸಾವಿನ ಮನೆಗೆ ರೆಕಾರ್ಡರ್ ಹಿಡಿದು ಹೋಗುವುದೋ, ನನ್ನಿಂದಾಗದ ಮಾತು. ಕೊನೆಗೆ ಕ್ಷೇತ್ರಕಾರ್ಯದಲ್ಲಿ ಎಪ್ಪತ್ತು ದಾಟಿದ ಒಬ್ಬ ಅಜ್ಜಿ ಸಿಕ್ಕರು. ಮೂರು ವರ್ಷದ ಹಿಂದೆ ತೀರಿಕೊಂಡ ಗೆಳತಿಗೆ ತಾನು ಅತ್ತ ಸಾಲುಗಳನ್ನು, ರಾಗವಿಲ್ಲದೆ ಬರೀ ಮಾತಿನಲ್ಲಿ ಹೇಳಲು ಒಪ್ಪಿದರು. ಹೇಳುವ ಮೊದಲು ಕೇಳಿದರು: “ಇದನ್ನ ಬರಕೊಂಡು ಏನ ಮಾಡ್ತಿ?”

“ಪುಸ್ತಕ ಮಾಡ್ತೀನ್ರಿ. ಯೂನಿವರ್ಸಿಟ್ಯಾಗ ಇಡ್ತಾರ.”

“ಅಕೀ ಮಗಳಿಗೆ ಮುಟ್ಟತೈತೇನು?”

ಆ ಮಗಳು ಮದುವೆಯಾಗಿ ಸೊಲ್ಲಾಪುರದಲ್ಲಿ ಇದ್ದಳು. ತಾಯಿ ಸತ್ತಾಗ ಬಾಣಂತಿ, ಮಣ್ಣಿಗೆ ಬರಲಾಗಿರಲಿಲ್ಲ. ತಾಯಿಗೆ ಯಾರು ಏನೆಂದು ಅತ್ತರು ಎಂದು ಆಕೆ ಕೇಳಿಯೇ ಇರಲಿಲ್ಲ. ಅಜ್ಜಿಯ ಷರತ್ತು ಅದೊಂದೇ: ಮೊದಲು ಅಕಿಗೆ ಮುಟ್ಟಲಿ, ಆಮೇಲೆ ನಿನ್ನ ಯೂನಿವರ್ಸಿಟಿ. ನಾನು ಬರೆದುಕೊಂಡ ಎರಡೂವರೆ ಪುಟವನ್ನು ದುಂಡಗೆ ಪ್ರತಿ ಮಾಡಿ ಸೊಲ್ಲಾಪುರಕ್ಕೆ ಒಯ್ದೆ. ಆಕೆ ಓದಲಿಲ್ಲ. ಮರಾಠಿ ಶಾಲೆಯಲ್ಲಿ ಕಲಿತವಳು, ಕನ್ನಡ ಓದಲು ಬಾರದು. ನಾನೇ ಓದಿ ಹೇಳಿದೆ. ಅವ್ವ ಎಮ್ಮೆ ಮಾರಿ ಮಗಳಿಗೆ ಬೋರಮಾಳ ಮಾಡಿಸಿದ್ದು ಬಂದಾಗ ಆಕೆ ಒಳಗೆ ಎದ್ದು ಹೋದಳು. ಸ್ವಲ್ಪ ಹೊತ್ತಿನ ಮೇಲೆ ಹೊರಗೆ ಬಂದು, “ಮುಂದಿಂದು ಓದ್ರಿ” ಅಂದಳು. ನನ್ನ ಪ್ರಬಂಧದ ಕ್ಷೇತ್ರಕಾರ್ಯದ ಅಧ್ಯಾಯದಲ್ಲಿ ಈ ಭೇಟಿಗೆ ಯಾವ ಶೀರ್ಷಿಕೆ ಕೊಡಬೇಕೋ ಇನ್ನೂ ತಿಳಿದಿಲ್ಲ. ಈಗ ಪ್ರತಿ ಸಂದರ್ಶನದ ಕೊನೆಗೂ ಅಜ್ಜಿಯ ಪ್ರಶ್ನೆಯನ್ನು ನಾನೇ ಕೇಳುತ್ತೇನೆ: ಇದು ಮೊದಲು ಯಾರಿಗೆ ಮುಟ್ಟಬೇಕು?

‘ಜಾಂಬಿ’ ಈಗ ಮತ್ತೊಂದು ದಾರಿ ಹಿಡಿದಿದೆ. 2020ರಲ್ಲಿ ಯೂಟ್ಯೂಬಿನಲ್ಲಿ ನೂರು ಕೋಟಿ ವೀಕ್ಷಣೆ ದಾಟಿತು. 2023ರ ರಗ್ಬಿ ವಿಶ್ವಕಪ್ಪಿನಲ್ಲಿ ಐರ್ಲೆಂಡ್ ಗೆದ್ದಾಗ ಪ್ಯಾರಿಸಿನ ಸ್ಟೇಡಿಯಮ್ಮಿನಲ್ಲಿ ಸಾವಿರಾರು ಅಭಿಮಾನಿಗಳು ಅದನ್ನು ವಿಜಯಗೀತೆಯ ಹಾಗೆ ಹಾಡಿದರು. ಸತ್ತ ಮಕ್ಕಳ ಹಾಡನ್ನು ಆಟದ ಗೆಲುವಿಗೆ ಹಾಡಬಹುದೇ, ಉತ್ತರದವರಿಗೆ ಅದು ಚುಚ್ಚುವುದಿಲ್ಲವೇ ಎಂಬ ಹಳೆಯ ಜಗಳ ಮತ್ತೆ ಎದ್ದಿತು. ಅಲ್ಲಿ ಹಾಡಿದವರಲ್ಲಿ ಬಹಳಷ್ಟು ಮಂದಿಗೆ ಅದು ತಮ್ಮ ನಾಡಿನ, ತಮ್ಮ ಉಚ್ಚಾರದ ಹುಡುಗಿಯೊಬ್ಬಳ ನೆನಪು. ಅವರು ಡೊಲೋರೆಸಳಿಗೆ ಹಾಡುತ್ತಿದ್ದರು ಎಂದು ನಾನು ಅಂದುಕೊಂಡಿದ್ದೇನೆ.

ಆಕೆ ಸಾಯುವ ಹೊತ್ತಿಗೆ ನೋಯೆಲ್ ಹೋಗನ್ ಜೊತೆ ಹೊಸ ಆಲ್ಬಮ್ಮಿಗಾಗಿ ಹನ್ನೊಂದು ಹಾಡುಗಳ ಕಚ್ಚಾ ಧ್ವನಿಮುದ್ರಣ ಮಾಡಿಟ್ಟಿದ್ದಳು. ಉಳಿದ ಮೂವರು ಮೊದಲು ಆಕೆಯ ಮನೆಯವರ ಬಳಿ ಹೋಗಿ ಕೇಳಿದರು. ಅವರು ಒಪ್ಪಿದ ಮೇಲೆ, ಮೊದಲ ಆಲ್ಬಮ್ ಮಾಡಿಸಿದ್ದ ಸ್ಟೀಫನ್ ಸ್ಟ್ರೀಟ್ ಜೊತೆ ಲಂಡನ್ನಿನ ಸ್ಟುಡಿಯೊದಲ್ಲಿ ಕೂತು, ಆ ದನಿಯ ಸುತ್ತ ಗಿಟಾರು, ಬೇಸು, ಡ್ರಮ್ಮು ನುಡಿಸಿದರು. 2019ರ ಏಪ್ರಿಲ್‌ನಲ್ಲಿ ‘ಇನ್ ದಿ ಎಂಡ್’ ಹೆಸರಿನಲ್ಲಿ ಅದು ಹೊರಬಂತು. ಗಾಯಕಿಯಿಲ್ಲದೆ ಬ್ಯಾಂಡು ಮುಂದುವರಿಯುವುದಿಲ್ಲ ಎಂದು ಹೇಳಿ ಮೂವರೂ ಅಲ್ಲಿಗೆ ನಿಲ್ಲಿಸಿದರು. ಮೂವತ್ತು ವರ್ಷದಲ್ಲಿ ಮೊದಲ ಬಾರಿಗೆ ಅವರ ಹೆಸರು ಗ್ರ್ಯಾಮಿ ಪಟ್ಟಿಯಲ್ಲಿ ಬಂದದ್ದು ಆ ಆಲ್ಬಮ್ಮಿಗೆ. ಹೆಡ್‌ಫೋನು ಹಾಕಿಕೊಂಡು ಕೇಳಿದರೆ ಕೆಲವು ಕಡೆ ಆಕೆ ಸಾಲಿಗೆ ಮೊದಲು ಉಸಿರು ಎಳೆದುಕೊಳ್ಳುವುದು ಕೇಳಿಸುತ್ತದೆ. ಅದನ್ನು ಅವರು ಅಳಿಸಲು ಹೋಗಿಲ್ಲ.